ರದ್ದಿ ರಾಶಿ, ಮೇಲಿನಿಂದ ಕೆಳಗೆ

ಬೆಳಗಾವಿಯ ಕ್ಯಾಂಪಿನಲ್ಲಿ ಅವರು ಮೊದಲು ಒಡೆದುಹೋದರು.
ಆಮೇಲೆ ಜಗಳಾಡಿದರು.
ಆಮೇಲೆ ಒಂದು ಚಳಿಯ ಮಧ್ಯಾಹ್ನ ಮಾಳಿಗೆ ಹತ್ತಿ ಬಾರಿಸಿದರು.
ಆಮೇಲೆ ಗಡ್ಡ ತೆಗೆದು, ಕೂದಲು ಕತ್ತರಿಸಿ,
ಒಂದೇ ನಮೂನಿ ಕೋಟು ತೊಟ್ಟು
ಒಂದೇ ಮೈಕಿಗೆ ಇಬ್ಬರು ಬಾಯಿ ಹಚ್ಚಿ ನಕ್ಕರು.

ತಪ್ಪು ನಮ್ಮದಲ್ಲ, ಬಾಬಾಲಾಲ ಮುಜಾವರನ ರದ್ದಿ ಅಂಗಡಿಯದು.
ಮೇಜರ್ ಸಾಹೇಬನೊಬ್ಬನಿಗೆ ವರ್ಗವಾದಾಗ
ಅವನ ಹೆಂಡತಿ ತೂಕಕ್ಕೆ ಹಾಕಿದ ವಿಲಾಯತಿ ಮಾಸಿಕಗಳು.
ಹೊಸದು ಮೇಲೆ, ಹಳೆಯದು ತಳಕ್ಕೆ.
ನಮ್ಮ ಕಿಸೆಗೆ ವಾರಕ್ಕೊಂದೇ ದಕ್ಕುತ್ತಿತ್ತು.
ನಡುವಿನಿಂದ ಎಳೆಯಹೋದರೆ ಗದರುತ್ತಿದ್ದ:
"ರಾಶಿ ಬೀಳತೈತಿ. ಮ್ಯಾಲಿಂದ ತಗೀರಿ."

ನಾವೂ ನಾಲ್ವರೇ.
ಬೇಕರಿಯ ಇನಾಸ್, ಅವನ ಮಾವ ಗೋವೆಯಿಂದ ತಂದ ಗಿಟಾರು.
ಶಹಾಪುರದ ದಸ್ತಗೀರ, ಲಾಳಿ ಎಸೆದು ಗಟ್ಟಿಯಾದ ಬೆರಳು.
ಹುಕ್ಕೇರಿ ಚನಮಲ್ಲ, ಅರ್ಥ ಕೇಳದೆ ಹಾಡುವ ಗಂಟಲು.
ನಾನು ಡ್ರಮ್ಮು.
ಅದೂ ನನ್ನದಲ್ಲ, ಖಡೇಬಜಾರದ ಲಗ್ನದ ಬ್ಯಾಂಡಿನದು.
ಮುಹೂರ್ತವಿಲ್ಲದ ಆಷಾಢ, ಧನುರ್ಮಾಸದಲ್ಲಷ್ಟೇ ಕಡ ಸಿಗುತ್ತಿತ್ತು.
ಉಳಿದ ದಿನ ಮೈದಾ ಚೀಲದ ಮೇಲೆ ಬಡಿಯುತ್ತಿದ್ದೆ.
ಕೆಟ್ಟ ಸದ್ದಲ್ಲ ಅದು. ಕೆಮ್ಮು ಬರುತ್ತಿತ್ತು, ಅಷ್ಟೇ.

ಮಾಳಿಗೆಯ ಚಿತ್ರ ಸಿಕ್ಕ ವಾರ
ಬೇಕರಿಯ ಮಾಳಿಗೆ ಹತ್ತಿದೆವು ನಾವೂ.
ಅವರು ಒಡೆದದ್ದು ನಮಗೆ ಗೊತ್ತಿತ್ತು,
ಚಿತ್ರದಲ್ಲಿದ್ದ ಅವರಿಗೆ ಇನ್ನೂ ಗೊತ್ತಿರಲಿಲ್ಲ.
ಚನಮಲ್ಲ ಅದನ್ನೇ ನೋಡುತ್ತ ಅಂದ:
"ಯಾರರ ಹೋಗಿ ಹೇಳಬಾರದೇನಲೇ ಇವರಿಗೆ?"

ಅಲ್ಲಿ ಪೋಲೀಸರು ಬಂದು ನಿಲ್ಲಿಸಿದರಂತೆ.
ಇಲ್ಲಿ ಪಕ್ಕದ ಮನೆಯ ಮಾವಶಿ
ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿ ಗೋರಿಕೊಳ್ಳಲು ಬಂದಳು.
ಮೊರದಿಂದೆದ್ದ ಘಾಟು.
ಎರಡನೆಯ ಹಾಡಿನ ನಡುವೆ ನಾಲ್ವರೂ ಸೀನಿದೆವು,
ಆ ಸಂಜೆ ನಾವು ಒಟ್ಟಿಗೆ, ತಾಳ ತಪ್ಪದೆ ಮಾಡಿದ್ದು ಅದೊಂದೇ.
ಮಾವಶಿ ಸೆರಗು ಮೂಗಿಗೊತ್ತಿ ಕೂತಳು:
"ಇನ್ನೊಂದು ಬಾರಸ್ರಿ, ನಾ ಇಲ್ಲೇ ಇರತೀನಿ."
ಬಾರಿಸಬೇಕಿತ್ತು.

ಆದರೆ ದಸ್ತಗೀರ ಒಂದು ಧಾಟಿ ಕಟ್ಟಿಕೊಂಡಿದ್ದ,
ಮಗ್ಗದ ಖಟ್-ಖಟಕ್ ಒಳಗಿಂದ ಹೆಕ್ಕಿದ್ದು.
ಆಷಾಢದಿಂದಲೂ ಕೇಳಿಸುತ್ತೇನೆ ಅನ್ನುತ್ತಿದ್ದ.
ಇನಾಸ್ ಆಷಾಢದಿಂದಲೂ ತಂತಿ ಬಿಗಿಯುತ್ತಿದ್ದ.
ಅಂದೂ ಬಿಗಿಯತೊಡಗಿದ.
ದಸ್ತಗೀರ ಏನೂ ಅನ್ನದೆ ಗಿಟಾರನ್ನು ಚೀಲದಲ್ಲಿಟ್ಟ,
ಆ ಮಾಸಿಕದಲ್ಲಿ ಒಬ್ಬ ಇಟ್ಟನೆಂದು ಓದಿದ್ದ ಹಾಗೆಯೇ.
ಚನಮಲ್ಲ ರೇಲ್ವೆ ಇನ್‌ಸ್ಟಿಟ್ಯೂಟಿನ ಹನ್ನೊಂದು ರೂಪಾಯಿಯ ಮಾತೆತ್ತಿದ.
ಇನಾಸನಿಗೆ ತನ್ನ ಗೆರೆ ಗೊತ್ತಿತ್ತು. ನನಗೆ ನನ್ನದು.
ಒಡೆಯುವುದೇ ನಾವು ಕಲಿತ ಮೊದಲ ಪಾಠವಾಗಿತ್ತು,
ಬಾಯಿಪಾಠವಾಗಿತ್ತು.

ಲವೀನಾಳಿಂದಾಗಿ ಅಂತ ಕ್ಯಾಂಪಿನ ಮಂದಿ ಆಡಿಕೊಂಡರು.
ಆ ಹುಡುಗಿ ಬ್ರೆಡ್ಡು ಒಯ್ಯಲು ಬರುತ್ತಿದ್ದಳು, ಒಯ್ಯುತ್ತಿದ್ದಳು.
ವಿಲಾಯತಿಯಲ್ಲೂ ಹೀಗೇ
ಒಬ್ಬ ಹೆಣ್ಣುಮಗಳ ಕೊರಳಿಗೆ ಕಟ್ಟಿದರೆಂದು ಓದಿದ್ದೆ.
ನಾನು ಆಗಲೂ ನಂಬಿರಲಿಲ್ಲ.

ರಾಶಿಯ ತಳದ್ದನ್ನು ಒಬ್ಬನೇ ಹೋಗಿ ತಂದೆ.
ತುಕ್ಕಿನ ಕಲೆ, ನೆಲದ ತಣುಪು.
ನಾಲ್ಕು ಮುಖ, ಒಂದನ್ನು ಗೆದ್ದಲು ತಿಂದಿತ್ತು.
ಉಳಿದ ಮೂವರು
ಆ ತೂತಿನ ಕಡೆ ತಿರುಗಿ ಹೊಟ್ಟೆ ಹಿಡಿದು ನಗುತ್ತಿದ್ದರು.
"ಎಷ್ಟು?" ಅಂದೆ.
"ತಳದ್ದಕ್ಕ ಏನ್ ತೂಕ? ಹಂಗ ಒಯ್ಯಿ," ಅಂದ ಮುಜಾವರ.

ಆ ಹೊತ್ತಿಗೆ ಇನಾಸ್ ಮುಂಬಯಿಯಲ್ಲಿ ಹಡಗಿನ ಕೆಲಸಕ್ಕೆ ಸರದಿ ನಿಂತಿದ್ದ.
ದಸ್ತಗೀರನ ಓಣಿಯಲ್ಲಿ ಎಲ್ಲ ಮಗ್ಗಗಳೂ ಒಮ್ಮೆಲೇ ನಡೆಯುತ್ತಿದ್ದವು,
ಅವನದು ಯಾವುದೆಂದು ಹೊರಗೆ ನಿಂತು ಗುರುತು ಹಿಡಿಯಲಾಗಲಿಲ್ಲ.

ಧನುರ್ಮಾಸ ಮುಗಿದಿತ್ತು. ಡ್ರಮ್ಮು ಮರಳಿಸಲು ಹೋದೆ.
"ಹುಡುಗ ಜ್ವರ ಅಂತ ಮಲಗ್ಯಾನ,
ಸಂಜೀಕ ಅನಗೋಳದಾಗ ಮೆರವಣಿಗಿ, ಬರ್ತಿಯೇನು?"
ಅಂಗಿ ಕೊಟ್ಟರು, ಕೆಂಪು, ಹೆಗಲಿಗೆ ಜರಿ,
ಹದಿನಾಲ್ಕು ಮಂದಿಗೂ ಒಂದೇ ನಮೂನಿ.
ಮಾಸಿಕವನ್ನು ಅಂಗಿಯೊಳಗೆ ಸಿಗಿಸಿ ಗುಂಡಿ ಹಾಕಿಕೊಂಡೆ.
ಕುದುರೆಯ ಹಿಂದೆ ನಡೆಯುತ್ತ ಬಡಿಯುವಾಗ
ನಗುವ ಆ ಕಾಗದ
ಪ್ರತಿ ಪೆಟ್ಟಿಗೂ ಎದೆಗೆ ತುಸು ಚುಚ್ಚುತ್ತಿತ್ತು.